ಚಳಿ ಕಾಣದ ಬೆಳ್ಳುಳ್ಳಿ

ಮಲೆನಾಡಿನ ಕೆಲವು ಮನೆಗಳಲ್ಲಿ ಒಂಟಿ ಎಸಳಿನ ಬೆಳ್ಳುಳ್ಳಿ ಸಿಕ್ಕಿದರೆ ಅದನ್ನು ಸಾರಿಗೆ ಹಾಕದೆ ಔಷಧಕ್ಕೆಂದು ಎತ್ತಿಡುತ್ತಾರೆ. ಮಗುವಿನ ದೃಷ್ಟಿ ತೆಗೆಯಲು ಅದೇ ಬೇಕೆನ್ನುವವರೂ ಇದ್ದಾರೆ. ಗೆಡ್ಡೆ ಒಂಟಿಯಾಗಿ ಉಳಿಯುವ ಕಾರಣ ಮಾತ್ರ ತೀರ ಲೌಕಿಕವಾದದ್ದು: ನೆಟ್ಟ ಎಸಳು ಬಹಳ ಸಣ್ಣದಿರುತ್ತದೆ, ಇಲ್ಲವೇ ಗಿಡಕ್ಕೆ ಸಾಕಷ್ಟು ಚಳಿ ಸಿಕ್ಕಿರುವುದಿಲ್ಲ.

ನಡುವೆ ಗಟ್ಟಿ ದಂಟು ಎದ್ದು, ಅದರ ಸುತ್ತ ಕೆಲವೇ ದಪ್ಪ ಎಸಳುಗಳು ಕೂರುವ ತಳಿಗಳಲ್ಲಿ ಈ ಚಳಿಯ ಹಂಗು ಇನ್ನೂ ಹೆಚ್ಚು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯನ್ನು ಆರೆಂಟು ವಾರ ಉಂಡ ಮೇಲಷ್ಟೇ ಅವುಗಳ ನಡುಗುಡಿ ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಟಿಗೆ ತಿರುಗುತ್ತದೆ, ಎಲೆಬುಡದ ಮೊಗ್ಗುಗಳು ಎಸಳುಗಳಾಗಿ ಬಲಿಯುತ್ತವೆ. ಒಂದು ರಾತ್ರಿಯ ಇಬ್ಬನಿ ಇದಕ್ಕೆ ಸಾಲದು. ಬೇಯಿಸಿದ ಅಡಿಕೆ ಒಂದೇ ಬಿಸಿಲಿಗೆ ಒಣಗುವುದಿಲ್ಲವಲ್ಲ, ಹಾಗೆಯೇ ಚಳಿಯೂ ದಿನದಿನಕ್ಕೆ ಕೂಡಬೇಕು. ಹಾಲಿನ ಡೇರಿಯ ಪುಸ್ತಕದಲ್ಲಿ ನಿತ್ಯದ ಲೀಟರು ಬರೆದಂತೆ ಗಿಡವೂ ಅದನ್ನು ಜಮಾ ಮಾಡುತ್ತ ಹೋಗುತ್ತದೆ, ನಡುವೆ ಬಿರುಬಿಸಿಲು ಬಿದ್ದರೆ ಬರೆದದ್ದು ಅಳಿಸಿಹೋಗುವುದೂ ಉಂಟು.

ಇಂಥ ಲೆಕ್ಕವನ್ನು ರೈ ಧಾನ್ಯದ ಮೇಲಿನ ಪ್ರಯೋಗಗಳಿಂದ 1918ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಗುಸ್ತಾವ್ ಗಾಸ್ನರ್. ಮುಂದೆ ಸೋವಿಯತ್ ಒಕ್ಕೂಟದ ಟ್ರೋಫಿಮ್ ಲೈಸೆಂಕೊ, ಹೀಗೆ ಚಳಿಯುಣಿಸಿ ತಂದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆಂದು ಸಾರಿದ. ಅವನನ್ನು ವಿರೋಧಿಸಿದ ಮಹಾನ್ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1943ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. ಬೆಳ್ಳುಳ್ಳಿ ಬೆಳೆಯುವ ಒಬ್ಬ ರೈತನನ್ನು ಕೇಳಿದ್ದರೂ ಸಾಕಿತ್ತು: ಎಸಳಿನಿಂದ ಎಸಳಿಗೆ ಅದೇ ಗಿಡವಾಗಿ ಮುಂದುವರಿಯುವ ಈ ಬೆಳೆ ಪ್ರತಿ ವರ್ಷವೂ ಹೊಸದಾಗಿಯೇ ಚಳಿ ಬೇಡುತ್ತದೆ.

ಶಿವಮೊಗ್ಗದಲ್ಲಿ ಧನುರ್ಮಾಸದ ರಾತ್ರಿಗಳೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೆಯೇ ಇರುತ್ತವೆ. ಆದ್ದರಿಂದ ಬಿತ್ತನೆ ಗೆಡ್ಡೆಯನ್ನು ಕಾಗದದ ಚೀಲದಲ್ಲಿ ಕಟ್ಟಿ ಎರಡು ತಿಂಗಳು ಫ್ರಿಜ್ಜಿನಲ್ಲಿಟ್ಟು, ಮಳೆ ಪೂರ್ತಿ ಹಿಂದೆಗೆದ ಮೇಲೆ, ನೀರು ನಿಲ್ಲದ ಏರುಮಡಿಯಲ್ಲಿ ಎಸಳು ಬಿಡಿಸಿ ನೆಡಬೇಕು. ಇಷ್ಟಾದರೂ ದೊಡ್ಡ ಗೆಡ್ಡೆಯ ಭರವಸೆ ನಾನು ಕೊಡಲಾರೆ. ಈ ತಳಿಗಳು ಗೆಡ್ಡೆ ಕಟ್ಟಲು ಉದ್ದ ಹಗಲನ್ನೂ ಬಯಸುತ್ತವೆ. ನಮ್ಮ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆಯನ್ನು ಮೀರುವುದಿಲ್ಲ, ಆ ಹೊತ್ತಿಗೆ ಮಳೆಗಾಲ ಹಿಡಿದಿರುತ್ತದೆ. ಹೂದಂಟು ಬಂದರೆ ಅದು ಸುರುಳಿ ಸುತ್ತುವಾಗಲೇ ಮುರಿಯಬೇಕು. ಗೆಡ್ಡೆಗೆ ಆಹಾರ ಉಳಿಯುತ್ತದೆ, ಮುರಿದ ಎಳೆದಂಟು ಪಲ್ಯಕ್ಕಾಗುತ್ತದೆ.

ಅಡುಗೆಯ ಗುಟ್ಟು ಜಜ್ಜುವುದರಲ್ಲಿದೆ. ಇಡೀ ಎಸಳಿನಲ್ಲಿ ಘಾಟು ಇರುವುದೇ ಇಲ್ಲ. ಜೀವಕೋಶ ಒಡೆದಾಗ ಅಲಿನೇಸ್ ಎಂಬ ಕಿಣ್ವ ಅಲಿನ್ ಎಂಬ ಸಂಯುಕ್ತವನ್ನು ಸಂಧಿಸಿ ಅಲಿಸಿನ್ ಹುಟ್ಟಿಸುತ್ತದೆ. ಕಾದ ಎಣ್ಣೆಯಲ್ಲಿ ಈ ಕಿಣ್ವ ಕೆಡುವುದರಿಂದ, ಜಜ್ಜಿದ್ದನ್ನು ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕುವುದು ಒಳ್ಳೆಯದು. ಕೆಂಡದಲ್ಲಿ ಇಡಿಯಾಗಿ ಸುಟ್ಟರೆ ಅದೇ ಎಸಳು ಸಿಹಿಯಾಗುತ್ತದೆ. ಎತ್ತಿಟ್ಟ ಆ ಒಂಟಿ ಗೆಡ್ಡೆಯೊಳಗೂ ಇರುವುದು ಇದೇ ಅಲಿನ್, ಇದೇ ಕಿಣ್ವ. ಸುಲಿಯುವ ಶ್ರಮ ಮಾತ್ರ ಕಡಿಮೆ.