ಈ ಅಂಕಿ ಯಾರನ್ನು ಓಡಿಸಿ ಪಡೆದದ್ದು?

ಕಬಡ್ಡಿ ಆಟಗಾರರ ಮೊಣಕಾಲಿನ ಪೆಟ್ಟಿನ ಬಗ್ಗೆ ಡಿಸರ್ಟೇಶನ್ ಬರೆಯಲು ಹೊರಟ ಎಂ.ಪಿ.ಇಡಿ., ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿ ಮೊದಲು ಬಂದು ನಿಲ್ಲುವುದು 796ರ ರ‍್ಯಾಕಿನ ಮುಂದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಅದು ಆಟೋಟಗಳ ಸಂಖ್ಯೆ. ಕಬಡ್ಡಿ ಅಂಕಣದ ಅಳತೆ, ನಿಯಮ, ಪಟ್ಟು ಎಲ್ಲ ಅಲ್ಲಿ ಸಿಗುತ್ತವೆ, ಮೊಣಕಾಲು ಸಿಗುವುದಿಲ್ಲ. ಅದು ವೈದ್ಯಶಾಸ್ತ್ರದ ಸಾಲಿನಲ್ಲಿ 617.582ರಲ್ಲಿದೆ. ಕ್ರೀಡಾ ವೈದ್ಯಕೀಯ 617.1027ರಲ್ಲಿ, ವ್ಯಾಯಾಮದ ಶರೀರಕ್ರಿಯಾಶಾಸ್ತ್ರ 612.044ರಲ್ಲಿ, ಕೀಲು-ಸ್ನಾಯುಗಳ ಬಯೋಮೆಕ್ಯಾನಿಕ್ಸ್ 612.76ರಲ್ಲಿ, ಬಲ ಬೆಳೆಸುವ ತರಬೇತಿ 613.7ರಲ್ಲಿ. ಒಂದು ಪ್ರಶ್ನೆಗೆ ಬೇಕಾದ ಪುಸ್ತಕಗಳು ಎರಡು ಮಹಡಿಯಲ್ಲಿ ಚೆದುರಿ ಕುಳಿತಿರುತ್ತವೆ. ಹುಡುಗ 796 ತಡಕಾಡಿ, "ಇಲ್ಲೇನೂ ಇಲ್ರಿ ಸರ" ಎಂದು ಹೊರಟುಬಿಡುತ್ತಾನೆ.

ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರ ಕ್ರೀಡಾ ವಿಜ್ಞಾನ ವಿಭಾಗವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಳಂದ, ಸೇಡಂ, ಚಿಂಚೋಳಿ, ಸುರಪುರ, ಭಾಲ್ಕಿಯ ಹಳ್ಳಿಗಳಿಂದ ಬಂದ ಮಕ್ಕಳು ಇಲ್ಲಿ ಬಿ.ಪಿ.ಇಡಿ., ಎಂ.ಪಿ.ಇಡಿ., ಪಿಎಚ್.ಡಿ. ಮಾಡುತ್ತಾರೆ. ಇವರಿಗಾಗಿ ಎಲ್ಲವನ್ನೂ ಎತ್ತಿ ಒಂದೇ ರ‍್ಯಾಕಿಗೆ ಹಾಕಬಾರದೇ ಎಂದು ಅನೇಕ ಅಧ್ಯಾಪಕರು ಕೇಳುತ್ತಾರೆ. ಹಾಕಬಾರದು ಎಂಬುದೇ ನನ್ನ ಅಭಿಪ್ರಾಯ. ಶರೀರಕ್ರಿಯಾಶಾಸ್ತ್ರದ ಪುಸ್ತಕ ಪ್ರಾಣಿಶಾಸ್ತ್ರದವರಿಗೂ ಬೇಕು, ಪೌಷ್ಟಿಕತೆಯದು ಗೃಹವಿಜ್ಞಾನದವರಿಗೂ ಬೇಕು. ಡ್ಯೂಯಿ ಈ ಪದ್ಧತಿ ಹೊರತಂದದ್ದು 1876ರಲ್ಲಿ. ಕ್ರೀಡಾ ವಿಜ್ಞಾನ ಎಂಬ ಶಾಸ್ತ್ರವೇ ಆಗ ರೂಪುಗೊಂಡಿರಲಿಲ್ಲ. ಮದ್ರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭವಾದದ್ದೇ 1920ರಲ್ಲಿ, ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜು 1957ರಲ್ಲಿ, ಪಟಿಯಾಲದ ಕ್ರೀಡಾ ಸಂಸ್ಥೆ 1961ರಲ್ಲಿ. ಹಳೆಯ ಶಾಸ್ತ್ರಗಳಿಂದ ಬೇಕಾದಷ್ಟನ್ನು ತಂದು ಕಟ್ಟಿಕೊಂಡ ವಿಷಯ ಇದು, ಪುಸ್ತಕಗಳು ಆ ಹಳೆಯ ಮನೆಗಳಲ್ಲೇ ಉಳಿದಿವೆ. ಆದ್ದರಿಂದ 796ರ ರ‍್ಯಾಕಿನ ತುದಿಗೆ ಒಂದು ಪಟ್ಟಿ ಅಂಟಿಸುತ್ತೇವೆ: ಗಾಯಕ್ಕೆ ಇಲ್ಲಿ ನೋಡಿ, ಆಹಾರಕ್ಕೆ ಇಲ್ಲಿ, ಮನಸ್ಸಿನ ಸಿದ್ಧತೆಗೆ ಇಲ್ಲಿ. ಕ್ಯಾಟಲಾಗಿನಲ್ಲೂ ಈ ವಿಷಯಗಳನ್ನು ಪಟ್ಟಿ ಮಾಡಿಡುತ್ತೇವೆ. ಆದರೂ ಹುಡುಗನ ಜೊತೆ ಎದ್ದು ಆ ಮಹಡಿಗೆ ಹೋಗುವ ಒಬ್ಬ ಮನುಷ್ಯ ಬೇಕೇ ಬೇಕು.

ಪುಸ್ತಕ ಸಿಕ್ಕಿತು ಎಂದಲ್ಲಿಗೆ ಮುಗಿಯುವುದಿಲ್ಲ. ಜೇವರ್ಗಿ ಕಡೆಯ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಒಮ್ಮೆ ಗೈಡ್ ಪುಸ್ತಕವೊಂದನ್ನು ಹಿಡಿದುಕೊಂಡು ಬಂದರು. "ಸರ, 12 ಮಿನಿಟಿನಾಗ 2400 ಮೀಟರ್ ಓಡಿದ್ರ ಚಲೋ ಅಂತ ಇದ್ರಾಗ ಬರ್ದದ. ನಮ್ಮ ಹುಡುಗೂರು ಅಷ್ಟು ಓಡಂಗಿಲ್ರಿ. ಹಂಗಾರ ಎಲ್ಲಾರೂ ಕಮಜೋರ್ ಅಂತ ಬರೀಲೇನ್ರಿ?"

ಅದು ಕೂಪರ್ ಪರೀಕ್ಷೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ್ದು. ವಾಯುಪಡೆಯ 115 ಗಂಡಸರನ್ನು 12 ನಿಮಿಷ ಓಡಿಸಿ ಅವರು ಕ್ರಮಿಸಿದ ದೂರವನ್ನು ಅಳೆದರು, ಪ್ರಯೋಗಾಲಯದ ಟ್ರೆಡ್‌ಮಿಲ್ ಮೇಲೆ ಅವರ ದೇಹ ಬಳಸುವ ಗರಿಷ್ಠ ಆಮ್ಲಜನಕವನ್ನೂ ಅಳೆದರು. ಎರಡರ ನಡುವಿನ ಸಹಸಂಬಂಧ 0.897 ಬಂತು (1 ಬಂದರೆ ಪೂರ್ತಿ ಹೊಂದಿಕೆ). ದುಬಾರಿ ಯಂತ್ರವಿಲ್ಲದೆ, ಒಂದು ಗಡಿಯಾರ ಮತ್ತು ಒಂದು ಟ್ರ್ಯಾಕ್ ಇದ್ದರೆ ಸಾಕು ಎಂಬುದೇ ಈ ಪರೀಕ್ಷೆಯ ದೊಡ್ಡ ಗುಣ. ಓಡಿದ ದೂರದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ, ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಎಂಬ ಅಂದಾಜು ಬರುತ್ತದೆ. 2400 ಮೀಟರಿಗೆ ಅದು ಸುಮಾರು 42.

ಈಗ ಶಿಕ್ಷಕರ ಪ್ರಶ್ನೆಗೆ ಬನ್ನಿ. 2400 ಮೀಟರ್ ಎಂಬ ಗೆರೆ ಎಳೆದಿರುವುದು 20ರಿಂದ 29 ವಯಸ್ಸಿನ ಗಂಡಸರಿಗೆ. ಅವರ ಹುಡುಗರು ಒಂಬತ್ತನೇ ತರಗತಿಯವರು. ಗೈಡ್ ಪುಸ್ತಕ ವಯಸ್ಸಿನ ಸಾಲನ್ನೇ ಬಿಟ್ಟು ಅಂಕಿಯನ್ನಷ್ಟೇ ಅಚ್ಚು ಹಾಕಿತ್ತು. ಅದೂ ಅಲ್ಲದೆ ಹುಡುಗರು ಓಡಿದ್ದು ಏಪ್ರಿಲ್‌ನಲ್ಲಿ, ಹತ್ತು ಗಂಟೆಯ ಬಿಸಿಲಲ್ಲಿ, ಉಬ್ಬುತಗ್ಗಿನ ನೆಲದ ಮೇಲೆ, ಬರಿಗಾಲಲ್ಲಿ. ಇಷ್ಟನ್ನೂ ಬದಿಗಿಟ್ಟು ಮಕ್ಕಳ ಹೆಸರಿನ ಮುಂದೆ "ಕಮಜೋರ್" ಎಂದು ಬರೆಯುವುದು ಅನ್ಯಾಯ. ಮಗುವಿನ ಬಗ್ಗೆ ಒಮ್ಮೆ ಬರೆದದ್ದು ಆ ಮಗುವಿನ ಕಿವಿಗೂ ಬೀಳುತ್ತದೆ. ನಾವು ಮಾಡಿದ್ದು ಇಷ್ಟೇ: ವಯಸ್ಸಿಗೆ ತಕ್ಕ ಕೋಷ್ಟಕ ಹುಡುಕಿಕೊಟ್ಟೆವು. ಶೋಧಗಂಗಾ ಜಾಲತಾಣದಲ್ಲಿ ಭಾರತದ ಶಾಲಾಮಕ್ಕಳ ಮೇಲೆ ನಡೆದ ಪರೀಕ್ಷೆಗಳಿರುವ ಪಿಎಚ್.ಡಿ. ಪ್ರಬಂಧಗಳನ್ನು ತೆರೆದು ತೋರಿಸಿದೆವು. ಅದೇ ಮೈದಾನ, ಅದೇ ತಿಂಗಳು, ಅದೇ ಹೊತ್ತು ಇಟ್ಟುಕೊಂಡು ವರ್ಷವರ್ಷವೂ ನಿಮ್ಮದೇ ದಾಖಲೆ ಬರೆದಿಡಿ ಎಂದು ಒಂದು ನಮೂನೆ ಹಾಕಿಕೊಟ್ಟೆವು. ಒಬ್ಬ ಹುಡುಗ ಹೋದ ಡಿಸೆಂಬರ್‌ಗಿಂತ ಈ ಡಿಸೆಂಬರ್‌ನಲ್ಲಿ ಎಷ್ಟು ದೂರ ಹೆಚ್ಚು ಓಡಿದ ಎಂಬುದು ಅಮೆರಿಕದ ಸೈನಿಕನ ಜೊತೆಗಿನ ಹೋಲಿಕೆಗಿಂತ ಶಿಕ್ಷಕರಿಗೆ ಹೆಚ್ಚು ಉಪಯೋಗ.

ಪಠ್ಯಕ್ರಮದಲ್ಲಿ ಇಂಥವು ತುಂಬ ಇವೆ. ಅಮೆರಿಕದ ಆರೋಗ್ಯ ಮತ್ತು ದೈಹಿಕ ಶಿಕ್ಷಣ ಸಂಘ ಎ.ಎ.ಎಚ್.ಪಿ.ಇ.ಆರ್. 1958ರಲ್ಲಿ ತಂದ ಯುವ ದೈಹಿಕ ಕ್ಷಮತೆ ಪರೀಕ್ಷೆಯ ಮೂಲ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಎಸೆತವೂ ಒಂದು. ಅಮೆರಿಕದ ಶಾಲೆಯ ಹುಡುಗಿಗೆ ಅದು ಕೈಗೆ ಪಳಗಿದ ಚೆಂಡು. ಯಾದಗಿರಿ ಜಿಲ್ಲೆಯ ಹುಡುಗಿ ಅದನ್ನು ಮೊದಲ ಬಾರಿಗೆ ಹಿಡಿಯುವುದೇ ಪರೀಕ್ಷೆಯ ದಿನ. ಅವಳ ಎಸೆತ ಅಳೆಯುವುದು ತೋಳಿನ ಬಲವನ್ನೋ, ಚೆಂಡಿನ ಪರಿಚಯವನ್ನೋ? 1975ರ ಪರಿಷ್ಕರಣೆಯಲ್ಲಿ ಆ ಎಸೆತವನ್ನು ಕೈಬಿಟ್ಟರು. ಹಳೆಯ ಗೈಡ್‌ಗಳಲ್ಲಿ ಮಾತ್ರ ಅದು ಇನ್ನೂ ಇದೆ.

ಹೀಗಾಗಿ ನಮ್ಮ ಕೌಂಟರಿಗೆ ಒಂದು ಅಂಕಿ ಕೇಳಿ ಬಂದವರಿಗೆ ಅದರ ಜೊತೆ ಇನ್ನೂ ನಾಲ್ಕು ಮಾತು ಬರೆದುಕೊಡುತ್ತೇವೆ: ಯಾರ ಮೇಲೆ, ಯಾವ ವರ್ಷ, ಎಲ್ಲಿ, ಯಾವ ಬಗೆಯಲ್ಲಿ ಅಳೆದದ್ದು. ಕ್ರೀಡಾ ವಿಜ್ಞಾನದ ಗ್ರಂಥಾಲಯಕ್ಕೂ ಬೇರೆ ಗ್ರಂಥಾಲಯಕ್ಕೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಇದೇ. ಇಲ್ಲಿನ ಪ್ರತಿ ಅಂಕಿಯ ಹಿಂದೆ ಯಾರದೋ ಬೆವರು ಹರಿಸಿದ ಮೈ ಇದೆ.

ನಿಯಮದ ಪುಸ್ತಕಗಳ ವಿಷಯದಲ್ಲಂತೂ ವರ್ಷವೇ ಪ್ರಾಣ. ಬ್ಯಾಡ್ಮಿಂಟನ್ 2006ರಲ್ಲಿ 21 ಅಂಕಗಳ ರ‍್ಯಾಲಿ ಪದ್ಧತಿಗೆ ಬಂತು. ಹಾಕಿಯಲ್ಲಿ 35 ನಿಮಿಷಗಳ ಎರಡು ಅವಧಿ ಹೋಗಿ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಬಂತು. ಹೊಸ ಆವೃತ್ತಿ ಕೌಂಟರ್ ಪಕ್ಕದಲ್ಲೇ ಇರಬೇಕು, ರೆಫ್ರಿ ಪರೀಕ್ಷೆಗೆ ಕೂರುವವರು ಅದನ್ನೇ ಓದಬೇಕು. ಹಾಗೆಂದು ಹಳೆಯದನ್ನು ರದ್ದಿಗೆ ಹಾಕಬಾರದು. ಪೂರ್ವ ಜರ್ಮನಿಯ ಉವೆ ಹೋನ್ 1984ರಲ್ಲಿ ಜಾವೆಲಿನ್ ಎಸೆದದ್ದು 104.80 ಮೀಟರ್. ನೀರಜ್ ಚೋಪ್ರಾ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಎಸೆದದ್ದು 90.23. ಇವೆರಡನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ "ಎಸೆತದ ಮಟ್ಟ ಕುಸಿದಿದೆ" ಎಂದು ಬರೆದ ಕರಡು ಪ್ರಬಂಧವನ್ನು ನಾನು ಓದಿದ್ದೇನೆ. 1986ರಲ್ಲಿ ಗಂಡಸರ ಜಾವೆಲಿನ್‌ನ ಗುರುತ್ವಕೇಂದ್ರವನ್ನು ಮುಂದಕ್ಕೆ ಸರಿಸಿದರು. ಈಟಿ ಬೇಗ ಮೂತಿ ಬಗ್ಗಿಸಿ ನೆಲಕ್ಕೆ ಚುಚ್ಚುವಂತಾಯಿತು, ದಾಖಲೆಗಳ ಪುಸ್ತಕವನ್ನೇ ಹೊಸದಾಗಿ ಶುರು ಮಾಡಿದರು. ಆ ವಿದ್ಯಾರ್ಥಿಗೆ 1986ರ ಹಿಂದಿನ ಮತ್ತು ಮುಂದಿನ ನಿಯಮಗಳೆರಡೂ ಮೇಜಿನ ಮೇಲೆ ಒಟ್ಟಿಗೆ ಸಿಗಬೇಕು. ಅದಕ್ಕಾಗಿ ಹಳೆಯ ನಿಯಮ ಪುಸ್ತಕಗಳಿಗೆ ಬೇರೆ ಕಪಾಟು ಇಟ್ಟಿದ್ದೇವೆ, ಬೆನ್ನಿನ ಮೇಲೆ ವರ್ಷವನ್ನು ದಪ್ಪಗೆ ಬರೆದು.

ಆದರೆ ಒಂದು ಪಟ್ಟಿಯ ಹಳೆಯ ಪ್ರತಿಯನ್ನು ಮಾತ್ರ ತೆರೆದ ಕಪಾಟಿನಲ್ಲಿ ಇಡುವುದೇ ಇಲ್ಲ. ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾದ ನಿಷೇಧಿತ ಪದಾರ್ಥಗಳ ಪಟ್ಟಿ. ಪ್ರತಿ ವರ್ಷ ಜನವರಿ 1ರಿಂದ ಹೊಸದು ಜಾರಿಗೆ ಬರುತ್ತದೆ. ನೋವಿನ ಮಾತ್ರೆ ಟ್ರಮಡಾಲ್ 2024ರಿಂದ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. 2023ರ ಪಟ್ಟಿ ನೋಡಿದವನಿಗೆ ಇದು ಗೊತ್ತಾಗುವುದಿಲ್ಲ. ನೆಗಡಿ ಮಾತ್ರೆಯಲ್ಲಿರುವ ಸೂಡೋಎಫೆಡ್ರಿನ್ ಮೂತ್ರದಲ್ಲಿ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದರೆ ಸ್ಪರ್ಧೆಯ ವೇಳೆ ತಪ್ಪಾಗುತ್ತದೆ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ, ಗೊತ್ತಿರಲಿಲ್ಲ ಎಂಬ ಮಾತು ಅವನನ್ನು ಹೊಣೆಯಿಂದ ಬಿಡಿಸುವುದಿಲ್ಲ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೊರಟ ಕುಸ್ತಿಪಟು ಪ್ರೋಟೀನ್ ಡಬ್ಬಿ ತಂದು ಮೇಜಿನ ಮೇಲಿಟ್ಟು "ಇದು ನಡೀತದೇನ್ರಿ?" ಎಂದರೆ, ಗ್ರಂಥಪಾಲಕ ಹೌದು ಎನ್ನಬಾರದು, ಇಲ್ಲ ಎನ್ನಲೂಬಾರದು. ವಾಡಾದ ಜಾಲತಾಣದಲ್ಲಿ ಈ ವರ್ಷದ ಪಟ್ಟಿ ತೆರೆದು ಕೊಡಬೇಕು, ರಾಷ್ಟ್ರೀಯ ಸಂಸ್ಥೆ ನಾಡಾ ಕೊಡುವ ಮಾಹಿತಿಯ ದಾರಿ ತೋರಿಸಬೇಕು, ತಂಡದ ವೈದ್ಯರ ಹತ್ತಿರ ಕಳಿಸಬೇಕು. ಡಬ್ಬಿಯ ಮೇಲೆ ಬರೆಯದ ಪದಾರ್ಥ ಒಳಗೆ ಇರಬಹುದು ಎಂಬುದನ್ನಂತೂ ಹೇಳಲೇಬೇಕು.

ನಮ್ಮ ಊರಿನ ಪ್ರಶ್ನೆ ಎಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಕಲಬುರಗಿಗೆ ಹೊಸತಲ್ಲ. ಓಟದ ಕೂಟ ನಡೆಸುವವರು ತಾಪಮಾನವೊಂದನ್ನೇ ನೋಡುತ್ತಾರೆ. ಕ್ರೀಡಾ ವಿಜ್ಞಾನ ನೋಡುವುದು ಡಬ್ಲ್ಯೂ.ಬಿ.ಜಿ.ಟಿ. ಎಂಬ ಸೂಚ್ಯಂಕವನ್ನು. ಅಮೆರಿಕದ ಸೇನಾ ತರಬೇತಿಯಲ್ಲಿ ಬಿಸಿಲಿಗೆ ಬೀಳುತ್ತಿದ್ದವರನ್ನು ಉಳಿಸಲು 1950ರ ದಶಕದಲ್ಲಿ ರೂಪಿಸಿದ್ದು ಅದು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ ಶೇ. 70, ಬಿಸಿಲಿಗಿಟ್ಟ ಕಪ್ಪು ಗೋಳದ್ದಕ್ಕೆ ಶೇ. 20, ನೆರಳಿನ ಗಾಳಿಯದ್ದಕ್ಕೆ ಬರೀ ಶೇ. 10 ಪಾಲು. ಅಂದರೆ ಬೆವರು ಎಷ್ಟು ಆರುತ್ತದೆ ಎಂಬುದೇ ಮುಖ್ಯ. ಮಂಗಳೂರಿನ ತೇವದ 34 ಡಿಗ್ರಿ ಕೆಲವೊಮ್ಮೆ ನಮ್ಮ ಒಣ 40ಕ್ಕಿಂತ ಅಪಾಯದ್ದಾಗಬಹುದು. ನಮ್ಮಲ್ಲಿ ಅಪಾಯ ಬೇರೆ ಥರದ್ದು: ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ನೀರು ಎಷ್ಟು ಕಳೆಯಿತೆಂದು ಹುಡುಗನಿಗೇ ತಿಳಿಯುವುದಿಲ್ಲ. ಓಟದ ಮುಂಚೆ ಮತ್ತು ನಂತರ ತೂಕ ನೋಡುವುದೇ ಸುಲಭದ ದಾರಿ. ದೇಹ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು ಎಂಬುದನ್ನು ಬೇಸಿಗೆ ಶಿಬಿರ ನಡೆಸುವವರು ಗೋಡೆಗೆ ಬರೆದಿಟ್ಟುಕೊಳ್ಳಲಿ.

ನಿಯತಕಾಲಿಕೆಗಳ ವಿಷಯದಲ್ಲಿ ಈಚೆಗೆ ದೊಡ್ಡ ಬಾಗಿಲು ತೆರೆದಿದೆ. 2025ರ ಜನವರಿಯಿಂದ ಜಾರಿಗೆ ಬಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆ. ಕ್ರೀಡಾ ವೈದ್ಯಕೀಯದ, ಬಯೋಮೆಕ್ಯಾನಿಕ್ಸಿನ ಒಳ್ಳೆಯ ಪತ್ರಿಕೆಗಳು ಹಿಂದೆ ನಮಗೆ ಎಟುಕುತ್ತಿರಲಿಲ್ಲ, ಈಗ ಮೊಬೈಲಿನಲ್ಲೇ ತೆರೆಯುತ್ತವೆ. ಖಾಸಗಿ ಬಿ.ಪಿ.ಇಡಿ. ಕಾಲೇಜಿನ ಮಕ್ಕಳು ಮಾತ್ರ ಇದರ ಹೊರಗಿದ್ದಾರೆ. ಅವರಿಗೆ ವೈದ್ಯಕೀಯ ಲೇಖನಗಳ ಪಬ್‌ಮೆಡ್ ಸೆಂಟ್ರಲ್, ಫಿಸಿಯೋಥೆರಪಿಯ ಪೆಡ್ರೊ ಮಾಹಿತಿಕೋಶ, ಲಾಸ್ ಏಂಜಲೀಸಿನ ಎಲ್‌ಎ84 ಪ್ರತಿಷ್ಠಾನ ಇಟ್ಟಿರುವ ಒಲಿಂಪಿಕ್ ವರದಿಗಳು ಪುಕ್ಕಟೆ ಸಿಗುತ್ತವೆ. ಕೇಳಿ ಬಂದವರಿಗೆ ಕೂರಿಸಿ ಕಲಿಸುತ್ತೇವೆ.

ಸಮಯದ ಬಗ್ಗೆ ಒಂದು ಮಾತು ಆಡಳಿತದವರಿಗೆ. ಆಟಗಾರ ಬೆಳಗ್ಗೆ ಮೈದಾನದಲ್ಲಿರುತ್ತಾನೆ, ಹಗಲು ತರಗತಿಯಲ್ಲಿ, ಸಂಜೆ ಮತ್ತೆ ಮೈದಾನದಲ್ಲಿ. ಹತ್ತರಿಂದ ಐದೂವರೆಯ ಗ್ರಂಥಾಲಯ ಅವನಿಗೆ ಇದ್ದೂ ಇಲ್ಲದಂತೆ. ರಾತ್ರಿ ಎಂಟೂವರೆ ತನಕ ಒಂದು ಕೌಂಟರ್ ತೆರೆದಿಡುವುದು ಹತ್ತು ಹೊಸ ಕಪಾಟು ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕನ್ನಡದ ಸಾಲು ನಮ್ಮಲ್ಲಿ ತೆಳ್ಳಗಿದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಹುಡುಗಿಗೆ ಶರೀರಕ್ರಿಯೆಯ ನೆಚ್ಚಬಹುದಾದ ಪುಸ್ತಕ ಕನ್ನಡದಲ್ಲಿ ಸಿಗುವುದು ಕಷ್ಟ, ಸಿಗುವುದು ಗೈಡ್‌ಗಳು. ಅಧ್ಯಾಪಕರು ತರಗತಿಯ ಟಿಪ್ಪಣಿಗಳನ್ನು ತಿದ್ದಿ, ಪ್ರತಿ ಅಂಕಿಗೆ ಮೂಲ ನಮೂದಿಸಿ ಕೊಟ್ಟರೆ ಅವನ್ನು ಕ್ಯಾಟಲಾಗಿಗೆ ಸೇರಿಸಲು ಸಿದ್ಧರಿದ್ದೇವೆ.

ಇನ್ನೊಂದು ಸಂಗ್ರಹ ಈಗಷ್ಟೇ ಕಟ್ಟುತ್ತಿದ್ದೇವೆ. ನಮ್ಮ ಭಾಗದ ಗರಡಿಮನೆಗಳು, ಜಾತ್ರೆಯ ಕುಸ್ತಿಗಳು, ಗುಂಡು ಎತ್ತುವ ಪಂದ್ಯಗಳು, ತಾಲ್ಲೂಕು ಕೂಟಗಳ ಫಲಿತಾಂಶ ಪಟ್ಟಿಗಳು ಯಾವ ಮಾಹಿತಿಕೋಶದಲ್ಲೂ ಇಲ್ಲ. ಹಳೆಯ ಪೈಲ್ವಾನರ ಮನೆಯ ಟ್ರಂಕಿನಲ್ಲಿ, ನಿವೃತ್ತ ಶಿಕ್ಷಕರ ಕಪಾಟಿನಲ್ಲಿ ಇರಬಹುದು. ಕರಪತ್ರ, ಸ್ಕೋರ್ ಹಾಳೆ, ತಂಡದ ಫೋಟೋ, ತಾಲೀಮಿನ ಡೈರಿ ಏನಿದ್ದರೂ ತನ್ನಿ. ಸ್ಕ್ಯಾನ್ ಮಾಡಿ ಮೂಲವನ್ನು ಅವತ್ತೇ ಮರಳಿಸುತ್ತೇವೆ. ಫೋಟೋ ಇದ್ದರೆ ಬೇರೆ ಚೀಟಿಯಲ್ಲಿ ವರ್ಷ, ಊರು, ಪಂದ್ಯ, ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆದು ತನ್ನಿ. ಫೋಟೋದ ಬೆನ್ನಿಗೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ.