ಎಟ್ಟಿ ಸಿಪ್ಪೆಗೆ ವಿನೆಗರ್ ಹಾಕಿದರೆ

ಮಂಗಳೂರಿನ ಮೀನುಗಾರಿಕೆ ದಕ್ಕೆಯಿಂದ ಎಟ್ಟಿ, ಅಂದರೆ ಸಿಗಡಿ, ತಂದು ಸುಲಿದು ನೋಡಿ. ತಲೆ, ಸಿಪ್ಪೆ ಸೇರಿ ಹತ್ತಿರ ಹತ್ತಿರ ಅರ್ಧ ತೂಕ ಬುಟ್ಟಿಗೆ ಹೋಗುತ್ತದೆ. ದುಡ್ಡು ಕೊಟ್ಟದ್ದು ಅದಕ್ಕೂ ಸೇರಿಸಿಯೇ, ಅಲ್ವಾ? ಸಿಗಡಿ ಸುಲಿದು ರಫ್ತು ಮಾಡುವ ಫ್ಯಾಕ್ಟರಿಗಳಲ್ಲಿ ಇದೇ ಲೆಕ್ಕ ಟನ್‌ಗಟ್ಟಲೆ.

ಕಳೆದ ಭಾನುವಾರ ನಾನು ಒಂದು ಹಿಡಿ ಸಿಪ್ಪೆಯನ್ನು ಗ್ಲಾಸಿಗೆ ಹಾಕಿ ವಿನೆಗರ್ ಸುರಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಮರುದಿನ ನೋಡಿದರೆ ಸಿಪ್ಪೆ ಒದ್ದೆ ಕಾಗದದ ಹಾಗೆ ಮೆತ್ತಗೆ. "ಎಂತ ಮರ್ಲು ಇದು?" ಎಂದು ಮನೆಯವರು ಕೇಳಿದರು. ಮರ್ಲಲ್ಲ, ರಸಾಯನಶಾಸ್ತ್ರ.

ಸಿಪ್ಪೆಯನ್ನು ಆರ್‌ಸಿಸಿ ಮನೆ ಅಂದುಕೊಳ್ಳಿ. ಸಿಮೆಂಟಿನ ಕೆಲಸ ಮಾಡುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಹಿರಿಯರು ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪೂ ಇದೇ ವಸ್ತು. ಹುಳಿ ಅದನ್ನು ಕರಗಿಸಿತು, ಗುಳ್ಳೆ ಬಂದದ್ದು ಅದಕ್ಕೇ. ಫ್ಯಾಕ್ಟರಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ, ಪ್ರೋಟೀನ್ ತೆಗೆಯಲು ಕಾಸ್ಟಿಕ್ ಸೋಡಾ. ಕೊನೆಗೆ ಉಳಿಯುವ ಕಬ್ಬಿಣದ ಸರಳೇ ಕೈಟಿನ್.

ತಮಾಷೆ ಏನೆಂದರೆ, ಇದು ಮೊದಲು ಸಿಕ್ಕಿದ್ದು ಅಣಬೆಯಲ್ಲಿ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಗುರುತಿಸಿದ. 1823ರಲ್ಲಿ ಒಡಿಯೆ ಎಂಬವನು ಕೀಟಗಳ ರೆಕ್ಕೆಯ ಹೊದಿಕೆಯಲ್ಲಿ ಕಂಡು ಈ ಹೆಸರಿಟ್ಟ. ಗ್ರೀಕ್‌ನಲ್ಲಿ ಅಂಗಿ ಎಂಬ ಅರ್ಥ. ಎಟ್ಟಿ, ಜಿರಳೆ, ಅಣಬೆ ಎಲ್ಲಕ್ಕೂ ಬಟ್ಟೆ ಒಂದೇ ಅಂಗಡಿಯದು. ಮಳೆಗಾಲದಲ್ಲಿ ಕಲ್ಲಣಬೆ ತಿನ್ನುವ ಸಸ್ಯಾಹಾರಿಗಳು ಬೇಸರ ಮಾಡಬೇಡಿ.

ಇನ್ನು ನನಗೆ ಜಾಸ್ತಿ ಖುಷಿ ಕೊಡುವ ಭಾಗ. ಕೈಟಿನ್ ಅಂದರೆ ಸಕ್ಕರೆ ಕಣಗಳ ಮಾಲೆ. ಶಂಕರಪುರ ಮಲ್ಲಿಗೆಯ ಅಟ್ಟೆ ನೆನಪಿಸಿಕೊಳ್ಳಿ. ಪ್ರತಿ ಮೊಗ್ಗಿಗೂ ಅಸಿಟೈಲ್ ಎಂಬ ಪುಟ್ಟ ಬಾಲ. ಮಾಲೆಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ಹಬ್ಬದ ಮುನ್ನಾದಿನದ ಬಸ್ಸಿನ ಹಾಗೆ. ನೀರಿಗೂ ಜಾಗವಿಲ್ಲ. ಗಾಢವಾದ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಹೆಚ್ಚಿನ ಬಾಲಗಳು ಉದುರುತ್ತವೆ. ಆ ಜಾಗದಲ್ಲಿ ಉಳಿಯುವ ಅಮೈನ್ ಎಂಬ ಸಾರಜನಕದ ಗುಂಪು ಹುಳಿಯಲ್ಲಿ ಧನ ವಿದ್ಯುದಂಶ ಪಡೆಯುತ್ತದೆ. ಎಲ್ಲರದ್ದೂ ಒಂದೇ ವಿದ್ಯುದಂಶ. ಪಾಲಿಗಾಗಿ ಜಗಳಾಡಿದ ದಾಯಾದಿಗಳಂತೆ ಮಾಲೆಗಳು ಪರಸ್ಪರ ದೂರ ಸರಿದು ಕರಗುತ್ತವೆ. ಇದೇ ಕೈಟೊಸಾನ್. ಬಾಲ ಹೋಯಿತು, ಸ್ವಭಾವವೇ ಬದಲಾಯಿತು!

ಹೊಟ್ಟೆಯೊಳಗೆ ಹೋದರೆ ಇದು ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹೊಸದು ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕು. ದಿನಕ್ಕೆ 3 ಗ್ರಾಂ ಕೈಟೊಸಾನ್ ಕೊಲೆಸ್ಟರಾಲ್ ಹತೋಟಿಗೆ ನೆರವಾಗುತ್ತದೆ ಎಂದು ಹೇಳಿಕೊಳ್ಳಲು ಯುರೋಪಿನಲ್ಲಿ ಅನುಮತಿ ಇದೆ.

ಅಷ್ಟೇ. "ಕೊಬ್ಬು ಹೀರುವ ಅಯಸ್ಕಾಂತ" ಎಂಬ ಜಾಹೀರಾತು ಸುಮ್ನೆ ಬುರುಡೆ. ನಮ್ಮ ನೆಂಟರೊಬ್ಬರು ಆ ಮಾತ್ರೆ ನುಂಗಿ ಧೈರ್ಯವಾಗಿ ಇನ್ನೆರಡು ಗೋಳಿಬಜೆ ಹಾಕಿಸಿಕೊಳ್ಳುತ್ತಾರೆ. ಒಳ್ಳೆಯ ಗುಣಮಟ್ಟದ ಪ್ರಯೋಗಗಳಲ್ಲಿ ಇಳಿದ ತೂಕ ತೀರಾ ಕಡಿಮೆ. ಮಾಲೆ ಬಿಡಿಸಿ ಒಂಟಿ ಮೊಗ್ಗು ತೆಗೆದರೆ ಸಿಗುವ, ಗಂಟುನೋವಿಗೆಂದು ಮಾರುವ ಗ್ಲುಕೋಸಮೈನ್ ಕಥೆಯೂ ಅದೇ. 2006ರಲ್ಲಿ ಅಮೆರಿಕದಲ್ಲಿ ಮಂಡಿನೋವಿನ 1,583 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅದು ಒಟ್ಟಾರೆಯಾಗಿ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ಸಿಗಡಿ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಇದ್ಯಾವುದನ್ನೂ ಮುಟ್ಟಬಾರದು.



ಭಾನುವಾರದ ತಲೆಗಳನ್ನು ಮಾತ್ರ ನಾನು ಪ್ರಯೋಗಕ್ಕೆ ಬಿಡಲಿಲ್ಲ. ತೆಂಗಿನೆಣ್ಣೆಯಲ್ಲಿ ಹುರಿದು, ಕುದಿಸಿ, ಸೋಸಿ ಗಸಿಗೆ ಹಾಕಿದೆವು. ಹಸಿ ಎಟ್ಟಿಯಲ್ಲಿ ಅಸ್ಟಾಕ್ಸಾಂಥಿನ್ ಎಂಬ ಬಣ್ಣವನ್ನು ಪ್ರೋಟೀನೊಂದು ತಬ್ಬಿ ಹಿಡಿದಿರುತ್ತದೆ. ಬಿಸಿ ತಾಗಿದಾಗ ಹಿಡಿತ ಸಡಿಲವಾಗಿ ಕೆಂಪು ಹೊರಬರುತ್ತದೆ, ಎಣ್ಣೆಯಲ್ಲಿ ಕರಗುತ್ತದೆ. ಗಸಿಯ ಮೇಲೆ ತೇಲುತ್ತಿದ್ದ ಕೆಂಪೆಲ್ಲ ಬ್ಯಾಡಗಿ ಮೆಣಸಿನದ್ದಲ್ಲ.