ಓಣಿಯ ತಿರುವು, ಮಗುವಿನ ಕಣ್ಣು

ಧಾರವಾಡದ ಕಾಮನಕಟ್ಟಿಯಂಥ ಹಳೆಯ ಓಣಿಗಳಲ್ಲಿ ಬೈಕ್ ಸವಾರನು ಬಯಸಿದರೂ ಜೋರಾಗಿ ಹೋಗುವುದು ಕಷ್ಟ. ಇಕ್ಕಟ್ಟು ದಾರಿ, ಮನೆಗಳ ಮುಂದಿನ ಕಟ್ಟೆ, ಕಟ್ಟೆಯ ಮೇಲೆ ಕುಳಿತ ಹಿರಿಯರು, ನಡುವೆ ಲಗೋರಿ ಆಡುವ ಹುಡುಗರು ಅವನ ಕೈಯನ್ನು ತಡೆಯುತ್ತಾರೆ. ಹುಬ್ಬಳ್ಳಿ-ಧಾರವಾಡದ ಅಂಚಿನ ಹೊಸ ಬಡಾವಣೆಗಳಲ್ಲಿ ಅಗಲವಾದ ನೇರ ರಸ್ತೆಗಳಿವೆ, ಅವೇ ಮಕ್ಕಳಿಗೆ ಕ್ಷೇಮವೆಂದು ನಾವು ನಂಬಿದ್ದೇವೆ. ಲೆಕ್ಕ ಹಾಕಿದರೆ ಆ ನಂಬಿಕೆ ಉಳಿಯುವುದಿಲ್ಲ.

ನಿಂತ ಕಾರಿನ ಮರೆಯಿಂದ ಮಗುವೊಂದು ಚೆಂಡಿನ ಹಿಂದೆ ಓಡಿ, ಬರುತ್ತಿರುವ ವಾಹನದಿಂದ 14 ಮೀಟರ್ ದೂರದಲ್ಲಿ ರಸ್ತೆಗೆ ಇಳಿಯಿತೆನ್ನೋಣ. ಕಂಡದ್ದು ಚಾಲಕನ ಮನಸ್ಸಿಗೆ ತಲುಪಿ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರಿಗಿಂತ ತುಸು ಹೆಚ್ಚು ಸಾಗಿ, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಇನ್ನೈದು ಮೀಟರ್ ಸರಿದು, ಮಗುವಿನ ಮುಂದೆ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಆ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಕ್ರಮಿಸಿ, ವೇಗ ಎಳ್ಳಷ್ಟೂ ಕುಗ್ಗದೆ ಮಗುವನ್ನು ಮುಟ್ಟುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ ಅದರ ಶಕ್ತಿ 30 ಕಿ.ಮೀ. ವೇಗದಲ್ಲಿ ಇರುವುದರ ಸುಮಾರು 2.8 ಪಟ್ಟು.

ನೋಡಿ ದಾಟಲು ಮಕ್ಕಳಿಗೆ ಕಲಿಸಲೇಬೇಕು, ಆದರೆ ಕಲಿಕೆಗೂ ಮೇರೆಯಿದೆ. ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿದ್ದು, ನಿಂತ ಜೀಪಿನ ಆಚೆಗೆ ಏನೂ ಕಾಣದು. ಕಂಡರೂ, ವಾಹನ ಹತ್ತಿರವಾಗುತ್ತಿರುವುದು ನಮಗೆ ತಿಳಿಯುವುದು ಕಣ್ಣಿನಲ್ಲಿ ಅದರ ಬಿಂಬ ಹಿಗ್ಗುವುದರಿಂದ. ಐದು ಸೆಕೆಂಡಿನಲ್ಲಿ ತಲುಪಲಿರುವ ಎರಡು ವಾಹನಗಳಲ್ಲಿ ವೇಗದ್ದು ಹೆಚ್ಚು ದೂರದಲ್ಲಿರುವ ಕಾರಣ ಅದರ ಬಿಂಬ ನಿಧಾನವಾಗಿ ಹಿಗ್ಗುತ್ತದೆ. ಬ್ರಿಟನ್ನಿನ ರಾಯಲ್ ಹಾಲೊವೇ ಸಂಸ್ಥೆಯ ಜಾನ್ ವಾನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವೇಗದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಈ ಹಿಗ್ಗುವಿಕೆಯನ್ನು ಖಚಿತವಾಗಿ ಗುರುತಿಸಲಾರರೆಂದು ಕಂಡುಬಂತು. ಬೆಳೆಯುತ್ತಿರುವ ದೃಷ್ಟಿಯ ಈ ಮಿತಿಯನ್ನು ಗದರಿಸಿ ತಿದ್ದಲಾಗದು. ಅಪಘಾತವಾದಾಗ ‘ಹುಡುಗ ಅಡ್ಡ ಬಂದ’ ಎನ್ನುವ ಮಾತು ನನ್ನನ್ನು ಬಹಳ ನೋಯಿಸುತ್ತದೆ.

1971ರಲ್ಲಿ ನೆದರ್‌ಲೆಂಡ್ಸ್‌ನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಪಾಲಕರು ಬೀದಿಗಿಳಿದು ಪ್ರತಿಭಟಿಸಿದ ಆ ದಶಕದಲ್ಲಿಯೇ, ಡೆಲ್ಫ್ಟ್ ನಗರದಲ್ಲಿ ರೂಪುಗೊಂಡ ‘ವೂನರ್ಫ್’ ಬೀದಿಗಳಿಗೆ 1976ರಲ್ಲಿ ಕಾನೂನಿನ ಮನ್ನಣೆ ದೊರೆಯಿತು. ಅಲ್ಲಿ ಮರ, ಕುಂಡ, ತಿರುವುಗಳನ್ನು ಬೇಕೆಂದೇ ಇಟ್ಟು, ವಾಹನಗಳು ನಡಿಗೆಯ ವೇಗದಲ್ಲಿ ಚಲಿಸುವಂತೆ ಮಾಡಿದರು. ನಮ್ಮ ಓಣಿಗಳು ಯಾರೂ ಯೋಜಿಸದೆ ಮಾಡುತ್ತಿದ್ದ ಕೆಲಸವೇ ಅದು.

ನಮ್ಮಲ್ಲಿ ವೇಗ ತಗ್ಗಿಸಲು ಸಾಮಾನ್ಯವಾಗಿ ಒಂದು ಕಿರಿದಾದ ದಿಣ್ಣೆ ಹಾಕುತ್ತಾರೆ. ಅದರ ಪೆಟ್ಟು ತಪ್ಪಿಸಲು ಬೈಕುಗಳು ಗಟಾರದ ಬದಿಗೆ ನುಸುಳುತ್ತವೆ, ಮಕ್ಕಳ ಸೈಕಲ್ಲುಗಳು ಸಾಗುವುದೂ ಅದೇ ಬದಿಯಲ್ಲಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ದುಂಡನೆಯ ಉಬ್ಬು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವುದಕ್ಕೆಂದು ರೂಪಿಸಿದ್ದಾಗಿದೆ. ಇದನ್ನು ರಸ್ತೆಯ ಪೂರ್ತಿ ಅಗಲಕ್ಕೆ ಹಾಕಬೇಕು. ಇದಕ್ಕಿಂತಲೂ ಉಪಯುಕ್ತವಾದದ್ದು ಮೂಲೆಗಳ ತಿದ್ದುಪಡಿ. ಕೂಡುರಸ್ತೆಯ ಮೂಲೆ ವಿಶಾಲವಾಗಿ ದುಂಡಗಿದ್ದರೆ ವಾಹನ ವೇಗ ಇಳಿಸದೆ ತಿರುಗುತ್ತದೆ. ಫುಟ್‌ಪಾತನ್ನು ಮೂಲೆಯಲ್ಲಿ ರಸ್ತೆಯೊಳಕ್ಕೆ ಚಾಚಿದರೆ ತಿರುವು ಬಿಗಿಯಾಗುತ್ತದೆ, ದಾಟುವ ದೂರ ತಗ್ಗುತ್ತದೆ, ಅಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲವಾದ್ದರಿಂದ ಮಗುವಿಗೆ ಬರುವ ವಾಹನವೂ ಚಾಲಕನಿಗೆ ಮಗುವೂ ಮೊದಲೇ ಕಾಣುತ್ತಾರೆ.